ಸಾಕವ್ವ

ನನ್ನ ಸೆಟ್ಟಿನಲ್ಲಿ ಮೂವತ್ತೊಂದು ವರ್ಷ ಯಾರೂ ‘ಕಟ್’ ಅಂದಿಲ್ಲ. ಆ ಶಬ್ದ ಕೇಳಿದರೆ ನನಗೆ ಮೊದಲಿನಿಂದಲೂ ಮೈ ಉರಿಯುತ್ತದೆ. ಕತ್ತರಿಸುವುದಕ್ಕೆ ಮನುಷ್ಯರೇನು ಸವತಿಕಾಯಿಯೇ? ಗದಗಿನಲ್ಲಿ ನಮ್ಮಪ್ಪನದು ಫೋಟೊ ಸ್ಟುಡಿಯೊ ಇತ್ತು. ಉಸಿರು ಬಿಗಿಹಿಡಿದು ಕೂತ ಗಿರಾಕಿಗಳಿಗೆ ಅವನು ಫೋಟೊ ಹೊಡೆದಾದ ಮೇಲೆ ‘ಸಾಕ್ರಿ, ಇನ್ನ ಆರಾಮ ಕೂಡ್ರಿ’ ಅನ್ನುತ್ತಿದ್ದ. ಅದನ್ನೇ ನಾನೂ ಕಲಿತೆ. ಶಾಟ್ ಮುಗಿದರೆ ಗಂಡಸರಿಗೆ ‘ಸಾಕಪಾ’, ಹೆಣ್ಣುಮಕ್ಕಳಿಗೆ ‘ಸಾಕವ್ವಾ’. ಈ ಒಂದು ಶಬ್ದ ಏನು ಮಾಡಿತು ಅನ್ನುವುದನ್ನು ಸಿಟ್ಟು ಆರುವ ಮೊದಲೇ ಬರೆದಿಡಬೇಕು ಅಂತ ಕೂತಿದ್ದೇನೆ.

ನಾನು ಶಶಿಕಲಾ ಹಂಚಿನಾಳ, ಜಾನಪದ ವಿಡಿಯೊ ಹಾಡುಗಳ ನಿರ್ದೇಶಕಿ. ನಮ್ಮ ಕಡೆಯ ಮದುವೆ ಮೆರವಣಿಗೆಯಲ್ಲಿ, ಟ್ರ್ಯಾಕ್ಟರಿನ ಸ್ಪೀಕರಿನಲ್ಲಿ, ಬಸ್ ಸ್ಟ್ಯಾಂಡಿನಲ್ಲಿ ಕೂತವರ ಮೊಬೈಲಿನಲ್ಲಿ ನೀವು ನೋಡಿದ ಕುಣಿತದಲ್ಲಿ ಕಾಲು ಭಾಗವಾದರೂ ನನ್ನದೇ. ಮೊದಲ ಹಾಡನ್ನು ಅಣ್ಣಿಗೇರಿ ಹತ್ತಿರದ ಸೂರ್ಯಕಾಂತಿ ಹೊಲದಲ್ಲಿ, ಮದುವೆ ವಿಡಿಯೊಕ್ಕೆ ತಂದಿದ್ದ ಕ್ಯಾಮೆರಾದಲ್ಲಿ ತೆಗೆದೆ. ನಿಧಾನಗತಿಯ ಶಾಟ್ ಬೇಕೆಂದರೆ ಹಾಡನ್ನು ದುಪ್ಪಟ್ಟು ವೇಗದಲ್ಲಿ ಹಾಕಿ ದುಪ್ಪಟ್ಟು ವೇಗದಲ್ಲೇ ಕುಣಿಸಬೇಕು. ಆಮೇಲೆ ಚಿತ್ರವನ್ನು ನಿಧಾನ ಮಾಡಿದರೆ ತುಟಿಗೂ ಹಾಡಿಗೂ ತಾಳೆಯಾಗುತ್ತದೆ. ಪರದೆಯ ಮೇಲೆ ತೇಲುತ್ತಾ ಬರುವ ಹುಡುಗಿ ಹೊಲದಲ್ಲಿ ಏದುಸಿರು ಬಿಡುತ್ತಾ ಸಾಯುತ್ತಿರುತ್ತಾಳೆ. ಅದು ನೋಡುವವರಿಗೆ ಗೊತ್ತಾಗದ ಹಾಗೆ ಮಾಡುವುದೇ ನನ್ನ ಕಸುಬು. ‘ಹೆಣ್ಮಗಳು ಏನ್ ಡೈರೆಕ್ಷನ್ ಮಾಡ್ತಾಳ’ ಅಂದವರೆಲ್ಲ ಆಮೇಲೆ ನನ್ನ ಡೇಟಿಗೆ ಕಾದು ನಿಂತರು.

ಚಮೇಲಿ ನನಗೆ ಸಿಕ್ಕಿದ್ದು ಬೆಟಗೇರಿಯಲ್ಲಿ. ನೇಕಾರರ ಮನೆಯ ನಾಲ್ಕನೆಯ ಹೆಣ್ಣು. ಮೂರು ಹೆಣ್ಣಾದ ಮೇಲೆ ಮತ್ತೊಂದು ಹೆಣ್ಣು ಹುಟ್ಟಿದ್ದಕ್ಕೆ, ಇನ್ನು ಸಾಕು ದೇವರೇ ಅಂತ ಸಾಕವ್ವ ಅಂತಲೇ ಹೆಸರಿಟ್ಟಿದ್ದರು. ಆ ಹೆಸರು ಪೋಸ್ಟರಿನ ಮೇಲೆ ನಡೆಯುವುದಿಲ್ಲ ಅಂತ ನಾನೇ ಚಮೇಲಿ ಅಂತ ಬದಲಾಯಿಸಿದೆ. ಹತ್ತೊಂಬತ್ತರ ಆ ಹುಡುಗಿ ಕುಣಿಯಲು ನಿಂತರೆ ಲೈಟ್ ಹಿಡಿದವರು ಲೈಟ್ ಮರೆಯುತ್ತಿದ್ದರು. ಸೆಟ್ಟಿನಲ್ಲಿ, ಊಟದಲ್ಲಿ, ಫೋನಿನಲ್ಲಿ ನಾನು ಅವಳನ್ನು ಚಮೇಲಿ ಅಂತಲೇ ಕರೆದೆ. ಒಮ್ಮೆ ಅವಳೇ ನಗುತ್ತಾ, “ಅಕ್ಕಾರ, ಶಾಟ್ ಮುಗದಾಗ ಮಾತ್ರ ನನ್ನ ಖರೇ ಹೆಸರು ನಿಮ್ಮ ಬಾಯಾಗ ಬರ್ತೈತಿ ನೋಡ್ರಿ,” ಅಂದಿದ್ದಳು. ನಾನೂ ನಕ್ಕು ಮುಂದಿನ ಶಾಟಿಗೆ ಹೋದೆ. ನನ್ನ ‘ಸಾಕವ್ವಾ’ ಕಿವಿಗೆ ಬಿದ್ದದ್ದೇ ತಡ ಅವಳು ಎಲ್ಲಿದ್ದಾಳೋ ಅಲ್ಲೇ ನೆಲಕ್ಕೆ ಕೂತು, ಮೊಣಕಾಲು ಮುಚ್ಚಿಕೊಂಡು, ಗೆಜ್ಜೆ ಬಿಚ್ಚುತ್ತಿದ್ದಳು.

ಅವಳಿಗೆ ಇಪ್ಪತ್ತಾದಾಗ ಹೊಳಪು ಮೀಡಿಯಾ ಅನ್ನುವ ಕಂಪನಿ ಧಾರವಾಡ ರಸ್ತೆಯಲ್ಲಿ ಬಂದು ಕೂತಿತು. ಅವರ ಹತ್ತಿರ ಒಂದು ಹೊಸ ಯಂತ್ರ ಇತ್ತು. ಬಿಗಿಯಾದ ಅಂಗಿಯೊಂದನ್ನು ತೊಡಿಸುತ್ತಾರೆ, ಅದರಲ್ಲಿ ಸಾಸಿವೆಯಷ್ಟು ಸಣ್ಣ ಸಣ್ಣ ನಾಲ್ಕು ಸಾವಿರ ಸಂವೇದಕಗಳು. ಕುಣಿಯುವವಳ ಸ್ನಾಯು ಎಲ್ಲಿ ಬಿಗಿಯಿತು, ಉಸಿರು ಎಲ್ಲಿ ತುಂಡಾಯಿತು, ಕಿವಿಗೆ ಯಾವ ಶಬ್ದ ಬಿತ್ತು, ಬಿದ್ದ ಮೇಲೆ ಮೈ ಏನು ಮಾಡಿತು, ಬಾಯಿ ಏನು ಅಂದಿತು, ಎಲ್ಲವನ್ನೂ ಅದು ಅಳೆದುಕೊಳ್ಳುತ್ತದೆ. ಹನ್ನೊಂದು ದಿನ ಅಳೆದರೆ ‘ಮೈಯಚ್ಚು’ ತಯಾರು. ಅದು ವಿಡಿಯೊ ಅಲ್ಲ. ವಿಡಿಯೊ ತೆಗೆದದ್ದನ್ನಷ್ಟೇ ತೋರಿಸುತ್ತದೆ. ಮೈಯಚ್ಚಿಗೆ ಆ ಮೈಯ ರೂಢಿಯೇ ಗೊತ್ತು. ಹೊಸ ಹಾಡು ಕೊಟ್ಟರೆ ಅವಳು ಹೇಗೆ ಕುಣಿಯುತ್ತಿದ್ದಳೋ ಹಾಗೇ ಕುಣಿಯುತ್ತದೆ. ದಣಿವಿಲ್ಲ, ವಯಸ್ಸಾಗುವುದಿಲ್ಲ, ಬಿಸಿಲು ತಾಗುವುದಿಲ್ಲ.

ಚಮೇಲಿಗೆ ಮನಸ್ಸಿರಲಿಲ್ಲ. ಒಪ್ಪಿಸಿದ್ದು ನಾನು. ಫೋಟೊ ತೆಗೆಸಿಕೊಂಡ ಹಾಗೆ ಅಷ್ಟೇ, ಅಂದೆ. ಒಪ್ಪಂದದಲ್ಲಿ ‘ಶಾಶ್ವತವಾಗಿ’ ಅನ್ನುವ ಶಬ್ದ ಇತ್ತು. ಓದಿದ್ದೆ, ಅವಳಿಗೆ ಓದಿ ಹೇಳಲಿಲ್ಲ. ಸಾಕ್ಷಿಯ ಜಾಗದಲ್ಲಿ ನನ್ನದೇ ಸಹಿ. ಹನ್ನೊಂದು ದಿನವೂ ನಾನೇ ನಿಂತು ಕುಣಿಸಿದೆ. ಒಂಬತ್ತನೆಯ ದಿನ ಅವಳು ನನಗೆ ಒಂದು ಮಾತು ಅಂದಳು. ಅದನ್ನು ಆಮೇಲೆ ಹೇಳುತ್ತೇನೆ, ಇಲ್ಲಿ ಬರೆಯಲು ಕೈ ಬರುತ್ತಿಲ್ಲ.

ಅದಾದ ಮೇಲೆ ಅವಳು ಮದುವೆಯಾಗಿ ಹುಬ್ಬಳ್ಳಿಗೆ ಹೋದಳು. ನಾನು ಅವಳಿಲ್ಲದೆಯೇ, ಬಾಯಿಂದ ಹೇಳುವ ಬದಲು ಕುಣಿತವನ್ನು ಕಂಪ್ಯೂಟರಿನಲ್ಲಿ ಬರೆದು ಕೊಟ್ಟು, ಅವಳ ಅಚ್ಚಿನಿಂದ ನಲವತ್ತು ಹಾಡು ಮಾಡಿದೆ. ಹೌದು, ನಾನೇ. ಪ್ರಶಸ್ತಿಯನ್ನೂ ತೆಗೆದುಕೊಂಡೆ, ಹಾರವನ್ನೂ ಹಾಕಿಸಿಕೊಂಡೆ.

ಹೋದ ವರ್ಷ ಕಂಪನಿಯವರು ನಿರ್ದೇಶಕರನ್ನೇ ಕಿತ್ತುಹಾಕಿದರು. ‘ಈಗ ನೀವೇ ಡೈರೆಕ್ಟರ್’ ಅಂತ ಜಾಹೀರಾತು. ಮೊಬೈಲ್ ಹಿಡಿದವನು ತನ್ನ ಬಾಯಿಂದಲೇ ಚಮೇಲಿಗೆ ಹೇಳಬಹುದು: ತಿರುಗು, ಬಾಗು, ಹತ್ತಿರ ಬಾ. ಹೇಳಿದ ಹಾಗೆ ಅವಳು ಮಾಡುತ್ತಾಳೆ, ಅದನ್ನು ಉಳಿಸಿಕೊಂಡು ನಾಲ್ಕು ಜನರಿಗೆ ಕಳಿಸಬಹುದು. ಇಪ್ಪತ್ತರ ಹುಡುಗಿಯೊಬ್ಬಳು ಹೇಳಿದ್ದಕ್ಕೆಲ್ಲ ಹೂಂಗುಟ್ಟುತ್ತಾಳೆ ಅಂದರೆ ನಮ್ಮ ಜನ ಏನೇನು ಹೇಳಿರಬಹುದು? ನಿಮಗೆ ಗೊತ್ತಿದೆ. ನಿಮ್ಮಲ್ಲಿಯೂ ಕೆಲವರು ಹೇಳಿದ್ದೀರಿ.

ಆಗಸ್ಟ್ ತಿಂಗಳಲ್ಲಿ ಹದಿನೆಂಟು ವರ್ಷದ ಮೇಲೆ ಸಾಕವ್ವನ ಫೋನ್ ಬಂತು. ಮನೆಗೆ ಬರ್ರಿ ಅಂದಳು, ಅಷ್ಟೇ. ಹಳೇ ಹುಬ್ಬಳ್ಳಿಯ ಓಣಿಯೊಂದರಲ್ಲಿ ಅವಳದು ರೊಟ್ಟಿ ಕೇಂದ್ರ. ಇಬ್ಬರು ಹೆಂಗಸರು ರೊಟ್ಟಿ ಬಡಿಯುತ್ತಿದ್ದರು, ಅವಳು ಹಂಚಿನ ಮುಂದೆ ಕೂತಿದ್ದಳು. ದಪ್ಪಗಾಗಿದ್ದಳು, ಮುಂಗೂದಲು ನರೆತಿತ್ತು. ನನ್ನ ಮುಖ ನೋಡದೆ ಒಳಕೋಣೆಯ ಕಡೆ ಕೈ ತೋರಿಸಿದಳು.

ಒಳಗೆ ಅವಳ ಮಗಳು ದಾನೇಶ್ವರಿ ಗೋಡೆಯ ಕಡೆ ತಿರುಗಿ ಕೂತಿದ್ದಳು. ಪಿಯುಸಿ ಮೊದಲ ವರ್ಷ. ಅವಳು ಮುಖ ತಿರುಗಿಸಿದಳು. ಅದೇ ಮೂಗು, ಅದೇ ಗದ್ದ, ಥೇಟ್ ಚಮೇಲಿ. ಕಾಲೇಜಿನ ಹುಡುಗರಿಗೂ ಹಾಗೇ ಕಂಡಿದೆ ಅಂತ ಅವಳ ಬಾಯಿಂದಲೇ ತಿಳಿಯಿತು. ಕ್ಲಾಸಿನಲ್ಲಿ ಅವಳ ಹಿಂದಿನ ಬೆಂಚಿಗೆ ಕೂತು, ಮೊಬೈಲಿನಲ್ಲಿ ಚಮೇಲಿಗೆ ಹೇಳಬಾರದ್ದನ್ನು ಹೇಳಿ, ಮಾಡಿಸಿ, ‘ದಾನೂ, ನೋಡ ನಿನ್ನ’ ಅಂತ ತೋರಿಸಿದ್ದಾರೆ. ಸಾಕವ್ವ ಪ್ರಿನ್ಸಿಪಾಲರ ಹತ್ತಿರ ಹೋಗಿ ಅದು ತನ್ನ ಮೈಯಚ್ಚು ಅಂತ ಹೇಳಿದರೆ, ಹಾಗಾದರೆ ಅದು ನಿಮ್ಮ ಮಗಳ ವಿಡಿಯೊ ಅಲ್ಲವಲ್ಲ ಅಂದರಂತೆ. ಅದು ನಿಮ್ಮದೇ ತಾನೆ, ಅಂತಲೂ ಸೇರಿಸಿದರಂತೆ. ಹುಡುಗಿ ಮೂರು ವಾರದಿಂದ ಮನೆಬಿಟ್ಟು ಹೊರಗೆ ಬಂದಿರಲಿಲ್ಲ.

ಸಾಕವ್ವ ಹೊಸ್ತಿಲ ಹತ್ತಿರ ಬಂದು ನಿಂತಳು. ಕೈಯೆಲ್ಲ ಹಿಟ್ಟು.

“ನೀವ ಕರಕೊಂಡ ಹೋಗಿದ್ರಿ ಅಲ್ಲಿಗೆ. ನೀವ ನನ್ನ ಹೊರಗ ತರ್ರಿ. ಆಗ ನನ್ನ ಮಗಳು ಕಾಲೇಜಿಗೆ ಹೋಗ್ತಾಳ.”

ಅವಳು ಒಲೆಯ ಮುಂದೆ ಹೋಗಿ ಕೂತಳು. ಚಹಾ ಕೂಡ ಕೊಡಲಿಲ್ಲ.

ಮಾರನೆಯ ದಿನವೇ ಕಂಪನಿಗೆ ಹೋದೆ. ಅದರ ಮುಖ್ಯಸ್ಥ ಪ್ರಾಣೇಶ ಗುಡಗುಂಟಿ. ನನ್ನ ಹಾಡು ನೋಡಿಕೊಂಡೇ ಬೆಳೆದೆ ಅಂತ ಕಾಲು ಮುಟ್ಟಿ ನಮಸ್ಕಾರ ಮಾಡುವ ಜಾತಿಯ ಮನುಷ್ಯ. ಆ ಅಚ್ಚನ್ನು ಅಳಿಸಿ ಅಂದೆ. ಅವನು ಒಪ್ಪಂದ ತೆರೆದು ‘ಶಾಶ್ವತವಾಗಿ’ ಅನ್ನುವುದರ ಮೇಲೆ ಬೆರಳಿಟ್ಟ, ಆಮೇಲೆ ಕೆಳಗಿನ ನನ್ನ ಸಹಿಯ ಮೇಲೂ ಇಟ್ಟ. ಅವಳು ಸಂತೋಷದಿಂದ ಕೊಟ್ಟದ್ದು ಮೇಡಂ, ಕೊಟ್ಟದ್ದನ್ನು ವಾಪಸು ಕೇಳುವುದು ಸರಿಯಲ್ಲ, ಅಂತ ನನಗೇ ನೀತಿ ಹೇಳಿದ. ನಾನು ಬಾಯಿಗೆ ಬಂದ ಹಾಗೆ ಬೈದೆ. ಅವನು ಅದೇ ನಗುಮುಖದಲ್ಲಿ ಇನ್ನೊಂದು ಮಾತು ತೆಗೆದ: ನನ್ನ ಮೂವತ್ತೊಂದು ವರ್ಷದ ಸೇವೆಗೆ ಕಂಪನಿ ಸನ್ಮಾನ ಇಟ್ಟುಕೊಂಡಿದೆ. ವೇದಿಕೆಯ ಮೇಲೆ ನಾನು ಚಮೇಲಿಯನ್ನು ನೇರಪ್ರಸಾರದಲ್ಲಿ ಕುಣಿಸಬೇಕು. ಆವತ್ತು ಎಲ್ಲರ ಮೊಬೈಲಿನ ಚಮೇಲಿಯೂ ನನ್ನ ಮಾತಿಗೇ ಕುಣಿಯುತ್ತಾಳೆ. ಮೊದಲ ಡೈರೆಕ್ಟರಿಗೆ ಗೌರವ, ಅಂದ.

ಅವನ ಮುಖಕ್ಕೆ ಉಗಿದು ಹೊರಡಬೇಕೆಂದಿದ್ದೆ. ಅಷ್ಟರಲ್ಲಿ ಕಾರ್ಯಕ್ರಮದ ತಯಾರಿ ತೋರಿಸು ಅಂತ ಕಂಟ್ರೋಲ್ ರೂಮಿನ ಇಂಜಿನಿಯರ್ ಫರ್ಹಾನಾ ನದಾಫಳ ಹತ್ತಿರ ನನ್ನನ್ನು ಬಿಟ್ಟು ಅವನು ಫೋನ್ ಹಿಡಿದುಕೊಂಡು ಹೋದ.

ಗೋಡೆಯ ತುಂಬ ಪರದೆಗಳಿದ್ದವು. ನಡುವಿನ ಪರದೆಯಲ್ಲಿ ‘ತಾಯಿ ಅಚ್ಚು’, ಅಂದರೆ ಹನ್ನೊಂದು ದಿನ ಅಳೆದ ಆ ಮೂಲ ಚಮೇಲಿ, ಕಣ್ಣು ಮಿಟುಕಿಸುತ್ತಾ ನಿಂತಿದ್ದಳು. ಎಲ್ಲರ ಮೊಬೈಲಿನಲ್ಲಿ ಇರುವುದು ಇವಳ ನಕಲುಗಳೇ. ಅಳೆಯುವಾಗ ಶಾಟಿನ ಆಚೆಯದನ್ನೆಲ್ಲ ಕಸ ಅಂತ ಬಿಸಾಡುತ್ತೇವೆ, ಅಂತ ಫರ್ಹಾನಾ ವಿವರಿಸಿದಳು. ‘ಕಟ್’, ‘ಸ್ಟಾಪ್’, ‘ಸಾಕು’, ‘ಮುಗೀತು’, ಇಂಥ ಶಬ್ದ ಕೇಳಿದ ಕೂಡಲೇ ಯಂತ್ರ ಅಲ್ಲಿಂದ ಮುಂದಿನದನ್ನು ಕತ್ತರಿಸುತ್ತದೆ. ವಿಶ್ರಾಂತಿ, ನೀರು ಕುಡಿಯುವುದು, ಬೈದಾಟ, ಯಾವುದೂ ಅಚ್ಚಿನಲ್ಲಿ ಉಳಿಯಬಾರದು. ನೋಡುವವರು ಆ ಶಬ್ದ ಅಂದರೂ ಅಚ್ಚಿಗೆ ತಲುಪುವುದಿಲ್ಲ.

“ನಿಮ್ಮ ಟೇಪಿನ್ಯಾಗ ಮಾತ್ರ ಒಂದೂ ಕಟ್ ಇಲ್ರಿ ಮೇಡಂ,” ಅಂತ ಅವಳು ಒಂದು ಪಟ್ಟಿ ತೋರಿಸಿದಳು. “ಆದ್ರ ಅವ್ರ ಹೆಸರು ಭಾಳ ಸಲ ಕರದೀರಿ. ನಾನೂರಾ ಹನ್ನೆರಡು ಸಲ ‘ಸಾಕವ್ವ’. ಒಪ್ಪಂದದಾಗ ಅದ ಹೆಸರು ಐತಲ್ರಿ, ಯಂತ್ರ ಅದನ್ನ ಹೆಸರಂತ ಬರಕೊಂಡೈತಿ.”

ನಾನು ಆ ಪಟ್ಟಿಯನ್ನು ಮೇಲಿನಿಂದ ಕೆಳಗಿನವರೆಗೆ ಓದಿದೆ. ಹನ್ನೊಂದು ದಿನದಲ್ಲಿ ನಾನು ಅವಳ ಹೆಸರನ್ನು ಒಂದು ಸಲವೂ ಕರೆದಿರಲಿಲ್ಲ. ಆ ನಾನೂರ ಹನ್ನೆರಡೂ ಶಾಟ್ ಮುಗಿಸಿದ್ದು. ಪುಣೆಯಲ್ಲಿ ಕೂತು ಯಂತ್ರಕ್ಕೆ ಈ ಶಬ್ದಗಳ ಪಟ್ಟಿ ಮಾಡಿಕೊಟ್ಟವರಿಗೆ ನಮ್ಮ ಕಡೆಯ ‘ಸಾಕವ್ವಾ’ ಗೊತ್ತಿಲ್ಲ. ಅಂದರೆ ಏನೂ ಕತ್ತರಿಸಿಲ್ಲ. ಅವಳು ನೆಲಕ್ಕೆ ಕೂತದ್ದು, ಮೊಣಕಾಲು ಮುಚ್ಚಿಕೊಂಡದ್ದು, ಗೆಜ್ಜೆ ಬಿಚ್ಚಿದ್ದು, ಎಲ್ಲವೂ ಆ ಅಚ್ಚಿನಲ್ಲಿ ಇನ್ನೂ ಇದೆ. ಹದಿನೆಂಟು ವರ್ಷದಲ್ಲಿ ಅದು ಹೊರಗೆ ಬಂದಿಲ್ಲ, ಯಾಕೆಂದರೆ ಕೋಟಿಗಟ್ಟಲೆ ಜನ ಅವಳಿಗೆ ಏನೇನೋ ಹೇಳಿದ್ದಾರೆ, ಅವಳ ಹೆಸರು ಮಾತ್ರ ಒಬ್ಬನಿಗೂ ಗೊತ್ತಿಲ್ಲ.

ಫರ್ಹಾನಾ ನನ್ನ ಮುಖ ನೋಡಿದಳು, ಪರದೆ ನೋಡಿದಳು. ಅವಳೂ ಗದಗಿನ ಕಡೆಯವಳೇ. ‘ಸಾಕವ್ವಾ’ ಅನ್ನುವುದನ್ನು ಅವಳ ತಾಯಿಯೂ ದಿನಕ್ಕೆ ಹತ್ತು ಸಲ ಅಂದಿರುತ್ತಾಳೆ. ಆ ಪಟ್ಟಿಯನ್ನು ಮುಚ್ಚಿ, ಮೈಕಿನ ಅಳತೆ ತೆಗೆದುಕೊಳ್ಳೋಣ ಬನ್ನಿ ಅಂದಳು. ಪ್ರಾಣೇಶ ಬಂದಾಗ ನಾನು ಸನ್ಮಾನಕ್ಕೆ ಒಪ್ಪಿಕೊಂಡೆ. ಅವನು ಮತ್ತೆ ಕಾಲು ಮುಟ್ಟಿದ.

ಸಾಕವ್ವನಿಗೆ ಹೇಳದೆಯೇ ಇದನ್ನು ಮಾಡಬಹುದಿತ್ತು. ಆದರೆ ಒಮ್ಮೆ ಅವಳನ್ನು ಕೇಳದೆ ಮಾಡಿದ್ದಕ್ಕೇ ಇಷ್ಟೆಲ್ಲ ಆದದ್ದು. ಮತ್ತೆ ರೊಟ್ಟಿ ಕೇಂದ್ರಕ್ಕೆ ಹೋದೆ. ವೇದಿಕೆಯ ಮೇಲೆ ‘ಸಾಕವ್ವಾ’ ಅಂದರೆ ಎಲ್ಲರ ಎದುರಿಗೆ ನಿನ್ನ ನಿಜವಾದ ಹೆಸರು ಹೊರಗೆ ಬೀಳುತ್ತದೆ, ಅಚ್ಚು ಕೂತರೂ ಕೂರಬಹುದು, ಕೂರದೆಯೂ ಇರಬಹುದು, ಏನು ಮಾಡಲಿ ಅಂತ ಕೇಳಿದೆ. ಸಾಕವ್ವ ರೊಟ್ಟಿಗೆ ನೀರು ಸವರಿ ತಿರುವಿ ಹಾಕಿದಳು.

“ಆವತ್ತ ಕೇಳಿದ್ದಿಲ್ಲ. ಇವತ್ತರ ಕೇಳಿದ್ರಲ್ಲ,” ಅಂದಳು. “ಹೋಗಿ ಅನ್ರಿ.”

ಸನ್ಮಾನ ಇದ್ದದ್ದು ಭಾನುವಾರ ಬೆಳಿಗ್ಗೆ. ಸಭಾಂಗಣ ತುಂಬಿತ್ತು. ನನಗೆ ಮೈಸೂರು ಪೇಟ ತೊಡಿಸಿದರು, ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು. ಭಾಷಣ ಮಾಡಿದವರೆಲ್ಲ ನನ್ನನ್ನು ಹೆಣ್ಣುಕುಲದ ಹೆಮ್ಮೆ ಅಂದರು. ನಲವತ್ತು ಲಕ್ಷ ಜನ ಮೊಬೈಲಿನಲ್ಲಿ ನೋಡುತ್ತಿದ್ದಾರೆ ಅಂತ ಪ್ರಾಣೇಶ ಮೈಕಿನಲ್ಲಿ ಸಾರಿದ. ಗಾಜಿನ ದೊಡ್ಡ ಪರದೆಯಲ್ಲಿ ಚಮೇಲಿ ಬಂದು ನಿಂತಳು. ಆಳೆತ್ತರ, ಹಸಿರು ಲಂಗ, ಜಡೆಗೆ ಕೆಂಪು ಕುಚ್ಚು. ಮುಂದಿನ ಸಾಲಿನಲ್ಲಿ ಒಬ್ಬ ಸೀಟಿ ಹೊಡೆದ.

ಹಾಡನ್ನು ಪ್ರಾಣೇಶನೇ ಆರಿಸಿದ್ದ. ಎಲ್ಲಕ್ಕಿಂತ ಹೆಚ್ಚು ಜನ ನೋಡಿದ, ಕಪ್ಪತಗುಡ್ಡದ ಗಾಳಿಯಂತ್ರಗಳ ನಡುವೆ ಕುಣಿಯುವ ಹಾಡು. ತಿರುಗು ಅಂದೆ, ತಿರುಗಿದಳು. ಕೈ ಬೀಸು ಅಂದೆ, ಬೀಸಿದಳು. ನನ್ನ ದನಿ ಕೇಳಿದ ಕೂಡಲೇ ಆ ಮೈ ಹಿಂದಿನ ಹಾಗೇ ಹುರುಪಿನಿಂದ ಏಳುತ್ತಿತ್ತು. ಎರಡನೆಯ ಚರಣದ ನಡುವೆ ಮೈಕನ್ನು ಬಾಯಿಗೆ ಹತ್ತಿರ ಹಿಡಿದೆ.

“ಸಾಕವ್ವಾ.”

ಬೀಸಿದ ಕೈ ಅಲ್ಲೇ ನಿಂತಿತು. ಹಾಡು ಮುಂದೆ ಹೋಗುತ್ತಲೇ ಇತ್ತು, ಅವಳು ನೆಲಕ್ಕೆ ಕೂತಳು. ಲಂಗ ಎಳೆದು ಮೊಣಕಾಲು ಮುಚ್ಚಿಕೊಂಡಳು. ಎಡಗಾಲಿನ ಗೆಜ್ಜೆ ಬಿಚ್ಚಿ ಪಕ್ಕಕ್ಕಿಟ್ಟಳು, ಬಲಗಾಲಿನದನ್ನೂ ಬಿಚ್ಚಿದಳು. ಎದುರಿಗಿದ್ದವರು ತಮ್ಮ ಮೊಬೈಲ್ ನೋಡಿಕೊಂಡರು. ಅಲ್ಲಿಯೂ ಅವಳು ಕೂತಿದ್ದಳು. ಏಳು ಅಂತ ಯಾರೋ ಕೂಗಿದ. ಅವಳು ಏಳಲಿಲ್ಲ. ಇಷ್ಟನ್ನು ನಾನು ಎಣಿಸಿದ್ದೆ. ಇಲ್ಲಿಂದ ಮುಂದಿನದನ್ನು ಎಣಿಸಿರಲಿಲ್ಲ. ಆ ಹಾಡಿನ ಕುಣಿತ ಅಳೆದದ್ದು ಒಂಬತ್ತನೆಯ ದಿನ ಅನ್ನುವುದು ನನಗೆ ಆಗ ನೆನಪಾಯಿತು.

ಚಮೇಲಿ ತಲೆ ಎತ್ತಿದಳು. ಹದಿನೆಂಟು ವರ್ಷದ ಹಿಂದೆ ನಾನು ನಿಂತಿದ್ದ ಕಡೆಗೇ ನೋಡಿದಳು.

“ಅಕ್ಕಾರ, ನನಗಿದು ಬ್ಯಾಡ್ರಿ. ನನ್ನ ಮೈ ನನ್ನ ಕಡೆನ ಇರ್ಲಿ. ಮನಿಗೆ ಕಳಸ್ರಿ.”

ಅಚ್ಚು ಅಷ್ಟಕ್ಕೇ ನಿಂತು ಉತ್ತರಕ್ಕೆ ಕಾಯಿತು, ಆವತ್ತು ಅವಳು ಕಾದ ಹಾಗೆಯೇ. ಪ್ರಾಣೇಶ ಓಡಿ ಬಂದು ನನ್ನ ಕಿವಿಯಲ್ಲಿ, ತಾಂತ್ರಿಕ ದೋಷ ಅನ್ರಿ ಮೇಡಂ, ಇದರಲ್ಲಿ ನಿಮ್ಮ ಮಾನವೂ ಹೋಗುತ್ತೆ, ಅಂದ. ಅವನು ಸುಳ್ಳು ಹೇಳಿರಲಿಲ್ಲ. ಆ ಅಕ್ಕಾರ ಯಾರು ಅಂತ ಯಾರಿಗೂ ಗೊತ್ತಿರಲಿಲ್ಲ. ದೋಷ ಅಂದುಬಿಟ್ಟಿದ್ದರೆ ನಾನು ಪೇಟ ಸರಿಮಾಡಿಕೊಂಡು ಮನೆಗೆ ಹೋಗಬಹುದಿತ್ತು. ನಾನು ಪೇಟ ತೆಗೆದು ಅವನ ಕೈಯಲ್ಲಿಟ್ಟೆ.

“ಇವಳ ಹೆಸರು ಸಾಕವ್ವ,” ಅಂದೆ ಮೈಕಿನಲ್ಲಿ. “ಅಕ್ಕಾರ ಅಂದದ್ದು ನನಗ. ಆವತ್ತ ನಾನು ‘ಇನ್ನ ಎರಡ ದಿನ ತಡಿ’ ಅಂತ ಹೇಳಿ ಮತ್ತ ಕುಣಿಸಿದೆ. ಬ್ಯಾಡ ಅಂದಾಕಿನ್ನ ಕುಣಿಸಿದೆ. ಇವರು ಮಾರಿದ್ರು. ನೀವು ನೋಡಿದ್ರಿ.”

ಪರದೆಯನ್ನು ಆರಿಸುವುದಕ್ಕೆ ಅವರಿಗೆ ಆರು ನಿಮಿಷ ಹಿಡಿಯಿತು. ಕಂಟ್ರೋಲ್ ರೂಮಿನಲ್ಲಿ ಫರ್ಹಾನಾಗೆ ಸರಿಯಾದ ಗುಂಡಿ ಸಿಗಲಿಲ್ಲವಂತೆ. ಆ ಆರು ನಿಮಿಷವೂ ನಲವತ್ತು ಲಕ್ಷ ಮೊಬೈಲುಗಳಲ್ಲಿ ಅವಳು ಮೊಣಕಾಲು ಮುಚ್ಚಿಕೊಂಡು ಕೂತೇ ಇದ್ದಳು.

ಆ ಶಬ್ದವನ್ನು ತಡೆಹಿಡಿಯಲು ಕಂಪನಿಗೆ ಒಂದು ದಿನ ಸಾಕಾಯಿತು. ಆದರೆ ಅಷ್ಟು ಹೊತ್ತಿಗೆ ಧಾರವಾಡದ ವಕೀಲರೊಬ್ಬರು ಸಾಕವ್ವನ ಹೆಸರಿನಲ್ಲಿ ಅರ್ಜಿ ಹಾಕಿದ್ದರು. ‘ಸಂತೋಷದಿಂದ ಕೊಟ್ಟದ್ದು’ ಅನ್ನುವ ಒಪ್ಪಂದದ ಮಾತಿಗೆ ಎದುರಾಗಿ ಬೇರೆ ಸಾಕ್ಷಿಯೇ ಬೇಕಾಗಲಿಲ್ಲ, ಅವರ ಯಂತ್ರವೇ ಹೇಳಿತ್ತು. ತಾಯಿ ಅಚ್ಚಿಗೆ ಕೋರ್ಟಿನ ಮೊಹರು ಬಿತ್ತು, ಮೊಬೈಲುಗಳಿಂದ ಚಮೇಲಿ ಹೋದಳು. ಫರ್ಹಾನಾಳ ಕೆಲಸವೂ ಹೋಯಿತು. ಜನ ಉಳಿಸಿಕೊಂಡಿದ್ದ ತುಣುಕುಗಳು ಇನ್ನೂ ಎಲ್ಲೆಲ್ಲಿ ಓಡಾಡುತ್ತಿವೆಯೋ ಗೊತ್ತಿಲ್ಲ, ಅದನ್ನು ನೆನೆದರೆ ಈಗಲೂ ಹಲ್ಲು ಕಡಿಯುತ್ತೇನೆ. ನನ್ನ ಮೇಲೆ ಕಂಪನಿಯದೊಂದು ಕೇಸಿದೆ. ಕುಣಿಯುವ ಹುಡುಗಿಯರು ನನ್ನ ಫೋನ್ ಎತ್ತುವುದನ್ನು ಬಿಟ್ಟಿದ್ದಾರೆ. ಅವರ ಮೇಲೆ ನನಗೆ ಸಿಟ್ಟಿಲ್ಲ, ನಾನಾಗಿದ್ದರೂ ಎತ್ತುತ್ತಿರಲಿಲ್ಲ.

ಎರಡು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಹಳೇ ಹುಬ್ಬಳ್ಳಿಗೆ ಹೋದೆ. ಓಣಿಯ ತಿರುವಿನಲ್ಲಿ ದಾನೇಶ್ವರಿ ಎದುರಾದಳು, ಹೆಗಲಿಗೆ ಕಾಲೇಜಿನ ಚೀಲ. ನನ್ನನ್ನು ಗುರುತು ಹಿಡಿದಳು, ಮಾತಾಡಿಸಲಿಲ್ಲ, ಪಕ್ಕಕ್ಕೆ ಸರಿದು ಹೋದಳು. ರೊಟ್ಟಿ ಕೇಂದ್ರದ ಬಾಗಿಲು ತೆರೆದಿತ್ತು. ಸಾಕವ್ವ ಬೆನ್ನು ಹಾಕಿ ಕೂತು ರೊಟ್ಟಿ ಎಣಿಸಿ ಕಟ್ಟುತ್ತಿದ್ದಳು. ನಾನು ಹೊರಗೇ ನಿಂತು ಕರೆದೆ.

“ಸಾಕವ್ವ.”

ಅವಳ ಕೈ ನಿಂತಿತು. ತಿರುಗದೆಯೇ, “ಏನ್ ಸಾಕ್ರಿ? ಶಾಟ್ ಮುಗೀತೇನು?” ಅಂದಳು.

“ಇಲ್ಲವ್ವ. ಹೆಸರು ಕರದೆ.”

ಅವಳು ಆ ಕಟ್ಟಿಗೆ ದಾರ ಸುತ್ತಿ ಗಂಟು ಹಾಕಿ ಮುಗಿಸಿದಳು. ಆಮೇಲೆ ಸೆರಗಿಗೆ ಕೈ ಒರೆಸಿಕೊಂಡು ತಿರುಗಿದಳು.

“ಹೆಸರ ಹಿಡದು ಕರದವ್ರು ಹೊರಗ ಯಾಕ ನಿಲ್ತೀರಿ, ಒಳಗ ಬರ್ರಿ,” ಅಂದಳು. “ನನ್ನ ಸಿಟ್ಟೇನ ಹೋಗಿಲ್ಲ. ಅದನ್ನ ತಿಳಕೊಂಡ ಬರ್ರಿ.”

ತಿಳಿದುಕೊಂಡೇ ಒಳಗೆ ಹೋದೆ.